ನಮ್ಮವರು ಎಂದವರು, ಗೊತ್ತಿಲ್ಲ ಎಂದವರು

ಸಕಲೇಶಪುರದ ಕಡೆಯ ನಾವು ಮನಸ್ಸಿನ ತೊಂದರೆಗೆ ಹಾಸನಕ್ಕೆ ಹೋಗುವುದು ಕಡಿಮೆ. ಮಂಗಳೂರಿಗೆ ಹೋಗುತ್ತೇವೆ, ಮೈಸೂರಿಗೆ ಹೋಗುತ್ತೇವೆ, ಅನುಕೂಲವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುತ್ತೇವೆ. ದೊಡ್ಡ ವೈದ್ಯರು ಅಲ್ಲಿದ್ದಾರೆ ಎಂಬುದು ಬಾಯಲ್ಲಿ ಹೇಳುವ ಕಾರಣ. ಒಳಗಿನ ಕಾರಣ ಬೇರೆ. ಹಾಸನದಲ್ಲಿ ಬಸ್ಸಿಳಿದು ರಸ್ತೆ ದಾಟುವಷ್ಟರಲ್ಲಿ ಪರಿಚಯದವರೊಬ್ಬರು ಸಿಕ್ಕೇ ಸಿಗುತ್ತಾರೆ, ‘ಏನು ಈ ಕಡೆ?’ ಎನ್ನುತ್ತಾರೆ. ಉತ್ತರ ಕೊಟ್ಟರೂ ಸುದ್ದಿ, ಕೊಡದಿದ್ದರೂ ಸುದ್ದಿ. ನಾವು ಬಾಳ್ಳುಪೇಟೆ ದಾಟುವ ಹೊತ್ತಿಗೆ ಆ ಸುದ್ದಿ ನಮಗಿಂತ ಮುಂಚೆ ಊರು ಸೇರಿರುತ್ತದೆ.

ಹಾಸನದಲ್ಲೇ ಚಿಕಿತ್ಸೆ ಪಡೆದ ನನಗೆ ಇದನ್ನು ಬರೆದಿಡಬೇಕು ಎನಿಸಿದೆ. ಆಪ್ತಸಮಾಲೋಚನೆಯಿಂದ ಗುಣವಾಗುತ್ತದೆಯೇ ಎಂಬುದರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಲೇಖನ ಬರುತ್ತದೆ. ಎದುರು ಕುರ್ಚಿಯಲ್ಲಿ ಕುಳಿತವರು ನಮ್ಮೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬ ಮಾತು ಬರುವುದೇ ಅಪರೂಪ. ನನಗೆ ಗುಣವಾದದ್ದರಲ್ಲಿ ದೊಡ್ಡ ಪಾಲು ಆ ನಡವಳಿಕೆಯದು.

ನಾನು ಕಾಫಿ ತೋಟವೊಂದರಲ್ಲಿ ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ, ಬೆಳಿಗ್ಗೆ ಯಾರು ಯಾವ ಬ್ಲಾಕಿಗೆ ಹೋಗಬೇಕೆಂದು ಹಂಚುವುದು ನನ್ನ ಕೆಲಸ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟಗಳಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಮೊಬೈಲ್ ನೋಡುವುದು. ಆನೆಗಳ ಹಿಂಡು ಎಲ್ಲಿದೆ, ಒಂಟಿ ಸಲಗ ಯಾವ ತೋಟದಲ್ಲಿ ಬೀಡುಬಿಟ್ಟಿದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದೆ. ಅದನ್ನು ಓದಿಕೊಂಡೇ ಆಳುಗಳನ್ನು ಕಳುಹಿಸುತ್ತೇವೆ. ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ ನಮ್ಮ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟದ್ದು 2023ರ ಡಿಸೆಂಬರ್ 4ರಂದು. ನಾಡಿಗೆಲ್ಲ ಗೊತ್ತಾದ ಸಾವು ಅದು. ಅದಾದ ಮೇಲಿನ ಒಂದು ರೊಬಸ್ಟಾ ಕೊಯ್ಲಿನಲ್ಲಿ ನಮ್ಮ ತೋಟದ ಒಬ್ಬ ಕಾರ್ಮಿಕರು ಬೆಳಿಗ್ಗೆ ಕೆಲಸಕ್ಕೆ ಹೋದವರು ಆನೆಯ ತುಳಿತಕ್ಕೆ ಸಿಕ್ಕಿ ತೀರಿಕೊಂಡರು. ಸಲಗ ರಾತ್ರೋರಾತ್ರಿ ಹೊಳೆ ದಾಟಿ ಬಂದಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರನ್ನು ಆ ಬ್ಲಾಕಿಗೆ ಹಂಚಿದ್ದು ನಾನು. ಕೂಗು ಕೇಳುವಷ್ಟು ಹತ್ತಿರದಲ್ಲಿದ್ದೆ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯವರ ದುಃಖ, ನನ್ನ ಬರಹದ ಸರಕಲ್ಲ.

ಆಮೇಲೆ ನನಗೆ ನಿದ್ದೆ ಹೋಯಿತು. ಕೋಳಿ ಕೂಗುವ ಮುಂಚೆಯೇ ಎಚ್ಚರವಾಗಿ, ಎಲ್ಲೋ ಬಿದಿರು ಮುರಿದಂತೆ ಕೇಳಿಸುತ್ತಿತ್ತು. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಹೊಟ್ಟೆಯಲ್ಲಿ ಸಂಕಟ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿದ್ದ ಸಾಲಿಗೆ ಬಂದರೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ಇಸಿಜಿ ಮಾಡಿಸಿದೆ, ಹೃದಯ ಚೆನ್ನಾಗಿದೆ ಎಂದರು. ನನ್ನ ತಾಯಿ ಮೊದಲ ದಿನವೇ ನಿರ್ಧಾರಕ್ಕೆ ಬಂದಿದ್ದರು: ಮಗ ಬೆಚ್ಚಿದ್ದಾನೆ, ಅಕಾಲ ಸಾವಿನ ಸೋಂಕು ತಗಲಿದೆ. ದೃಷ್ಟಿ ತೆಗೆದರು, ಊರ ದೇವರ ಗುಡಿಯಲ್ಲಿ ಹೂ ಕೇಳಿಸಿದರು. ಬಲಗಡೆ ಹೂ ಬಿತ್ತು. ಪೂಜಾರರು ಮಂತ್ರಿಸಿ ಕೊಟ್ಟ ಕಪ್ಪು ದಾರವನ್ನು ತಾಯಿಯೇ ನನ್ನ ಮಣಿಕಟ್ಟಿಗೆ ಕಟ್ಟಿದರು.

ನಮ್ಮ ಸಾಹುಕಾರರು ಒಳ್ಳೆಯವರು. ನನ್ನ ಮುಖ ನೋಡಿ ಅವರೇ ಒಬ್ಬ ಆಪ್ತಸಮಾಲೋಚಕರ ಹೆಸರು ಹೇಳಿ, ಶುಲ್ಕವನ್ನೂ ತಾವೇ ಕೊಟ್ಟರು. ಆ ಸಮಾಲೋಚಕರು ನಮ್ಮ ಜಿಲ್ಲೆಯವರೇ, ತೋಟದ ಹಿನ್ನೆಲೆಯವರೇ. ನನ್ನ ಊರು, ತಂದೆಯ ಹೆಸರು ಕೇಳಿದವರೇ ಮುಖ ಅರಳಿಸಿ, ‘ಹಾಗಾದರೆ ನೀವು ನಮ್ಮವರೇ’ ಎಂದರು. ನಮ್ಮ ಕಡೆ ‘ನೀವು ಯಾರ ಪೈಕಿ?’ ಎಂದು ಕೇಳುವುದು ಜಾತಿ ತಿಳಿಯುವ ದಾರಿ. ಅವರು ಅದನ್ನೂ ಕೇಳಬೇಕಾಗಲಿಲ್ಲ. ನನಗೂ ಆ ಗಳಿಗೆಯಲ್ಲಿ ಹಾಯೆನಿಸಿತು. ಎಲ್ಲವನ್ನೂ ಬಿಡಿಸಿ ಹೇಳುವ ಕಷ್ಟವಿಲ್ಲ ಎಂದುಕೊಂಡೆ.

ಆದರೆ ಮುಂದಿನ ಮಾತುಕತೆಯೆಲ್ಲ ಅವರು ಮೊದಲೇ ತಿಳಿದುಕೊಂಡಿದ್ದ ಒಬ್ಬ ಮನುಷ್ಯನ ಬಗ್ಗೆ ನಡೆಯಿತು. ತೋಟದಲ್ಲಿ ಹುಟ್ಟಿ ಬೆಳೆದವರಿಗೆ ಆನೆ ಹೊಸದಲ್ಲ, ಹಾಗಾಗಿ ಇದು ಆನೆಯ ಭಯವಲ್ಲ ಎಂದರು. ಮಲೆನಾಡಿನ ಗಂಡಸರು ಸಂಜೆಯಾದರೆ ಕುಡಿಯುತ್ತಾರೆ, ಎಷ್ಟು ಕುಡಿಯುತ್ತೀರಿ ಎಂದರು. ನಾನು ಕುಡಿಯುವುದಿಲ್ಲ ಎಂದದ್ದನ್ನು ನಂಬಲಿಲ್ಲ. ದಾರ ಕಂಡೊಡನೆ, ಓದಿದವರಾಗಿ ಇದೆಲ್ಲ ಏನು, ಮೊದಲು ಇದನ್ನು ಬಿಚ್ಚಿ ಎಂದರು. ತೀರಿಕೊಂಡವರ ಬಗ್ಗೆ ಹೇಳಲು ಬಾಯಿ ತೆರೆದಾಗ, ‘ಆಳುಗಳ ವಿಷಯ ಅಷ್ಟು ತಲೆಗೆ ಹಚ್ಚಿಕೊಳ್ಳಬಾರದು, ಪರಿಹಾರ ಬರುತ್ತದಲ್ಲ’ ಎಂದು ಸಮಾಧಾನ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಮ್ಮವನು ಎಂದ ಮೇಲೆ ನಾನು ಲೈನ್ ಮನೆಯ, ಎಂದರೆ ತೋಟದ ಆಳುಗಳ ಸಾಲುಮನೆಯ, ಒಬ್ಬ ದಲಿತ ಕಾರ್ಮಿಕರಿಗಾಗಿ ಇಷ್ಟು ಅತ್ತೇನು ಎಂಬುದು ಅವರ ಎಣಿಕೆಯಲ್ಲೇ ಇರಲಿಲ್ಲ. ಆ ಮಾತು ಬಂದ ಮೇಲೆ ನಾನು ಬಾಯಿ ಮುಚ್ಚಿದೆ. ಜಾತಿ ಒಂದೇ ಆದದ್ದರಿಂದಲೇ ಆ ಕೋಣೆಯಲ್ಲಿ ನಾನು ಹೇಳಬೇಕಾದದ್ದನ್ನು ಹೇಳಲಾಗಲಿಲ್ಲ.

ಕೆಲವು ದಿನ ಬಿಟ್ಟು ಸಾಹುಕಾರರು ಕರೆದು, ‘ಕುಡಿತ ಸ್ವಲ್ಪ ಕಡಿಮೆ ಮಾಡಿ, ಎಲ್ಲ ಸರಿಹೋಗುತ್ತದೆಯಂತೆ’ ಎಂದರು. ಮುಚ್ಚಿದ ಬಾಗಿಲ ಹಿಂದೆ ಆಡಿದ ಮಾತು, ಅದೂ ತಪ್ಪಾಗಿ, ನನಗೆ ಸಂಬಳ ಕೊಡುವವರ ಕಿವಿಗೆ ಹೋಗಿತ್ತು. ಶುಲ್ಕ ಕೊಟ್ಟವರಿಗೆ ವರದಿ ಕೊಡುವುದು ಸಹಜ ಎಂದು ಆ ಸಮಾಲೋಚಕರು ತಿಳಿದಿರಬೇಕು. ಸಹಜವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೆಯ ಸೆಕ್ಷನ್ ಪ್ರಕಾರ, ತನ್ನ ಮಾನಸಿಕ ಆರೋಗ್ಯ ಮತ್ತು ಚಿಕಿತ್ಸೆಯ ವಿಷಯ ಗೋಪ್ಯವಾಗಿರುವುದು ಚಿಕಿತ್ಸೆ ಪಡೆಯುವವನ ಹಕ್ಕು. ಇದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೂ ಸಾಹುಕಾರರ ಮುಂದೆ ಸೆಕ್ಷನ್ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಎರಡನೆಯ ಬಾರಿ ನನ್ನ ಹೆಂಡತಿಯೇ ವಿಚಾರಿಸಿದಳು. ಸಮಾಲೋಚಕರು ಎಂದು ಬೋರ್ಡ್ ಹಾಕಿಕೊಂಡವರೆಲ್ಲ ಒಂದೇ ತರಬೇತಿ ಪಡೆದವರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕೆಲಸ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು, ಆ ಹೆಸರನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಹಾಗೆ ಪರಿಶೀಲಿಸಿ ಹಾಸನದಲ್ಲಿ ಒಬ್ಬರನ್ನು ಕಂಡುಕೊಂಡೆವು. ಧಾರವಾಡದ ಕಡೆಯ ಹೆಣ್ಣುಮಗಳು, ನನಗಿಂತ ಚಿಕ್ಕವರು. ಅವರ ಕನ್ನಡದ ಧಾಟಿ ಕೇಳಿಯೇ, ಇವರಿಗೆ ನಮ್ಮ ತೋಟದ ವಿಷಯ ಏನು ಅರ್ಥವಾದೀತು ಎಂದು ನಿರಾಸೆಯಾಯಿತು.

ಮೊದಲ ಭೇಟಿಯಲ್ಲಿ ಅವರು ನನ್ನ ತೊಂದರೆ ಕೇಳುವ ಮುಂಚೆ ತಮ್ಮ ಕೆಲಸದ ರೀತಿ ಹೇಳಿದರು. ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯ ಕಂಡರೆ, ನ್ಯಾಯಾಲಯ ಆದೇಶಿಸಿದರೆ, ಇನ್ನೊಬ್ಬ ವೈದ್ಯರೊಂದಿಗೆ ಚಿಕಿತ್ಸೆಗಾಗಿ ಮಾತನಾಡಬೇಕಾದರೆ ಮಾತ್ರ ಆ ಬೇಲಿ ಸಡಿಲವಾಗುತ್ತದೆ. ಆಗಲೂ ಎಷ್ಟು ಬೇಕೋ ಅಷ್ಟೇ. ಅವರು ಬರೆದುಕೊಳ್ಳುವ ಟಿಪ್ಪಣಿಯನ್ನು ನಾನು ಕೇಳಿ ನೋಡಬಹುದು. ಶುಲ್ಕ ಬೇರೆಯವರು ಕೊಡುವುದಾದರೆ ಕೊಡಲಿ, ಹಣದೊಂದಿಗೆ ಮಾಹಿತಿ ಹೋಗುವುದಿಲ್ಲ. ಇದನ್ನು ಕೇಳಿ ನಾನು ಹಿಂದಿನ ಕಥೆ ಹೇಳಿದೆ. ಅವರು ಆ ಸಮಾಲೋಚಕರನ್ನು ಹಳಿಯಲಿಲ್ಲ. ‘ನಿಮಗೆ ಅನ್ಯಾಯವಾಗಿದೆ. ದೂರು ಕೊಡುವ ದಾರಿಗಳಿವೆ, ಬೇಕಾದಾಗ ಹೇಳುತ್ತೇನೆ. ಕೊಡಬೇಕೆಂದು ನಾನು ಒತ್ತಾಯಿಸುವುದಿಲ್ಲ’ ಎಂದರು. ನಾನು ದೂರು ಕೊಡಲಿಲ್ಲ. ಶುಲ್ಕವನ್ನು ಮಾತ್ರ ನನ್ನ ಕೈಯಿಂದಲೇ ಕೊಡಲು ನಿರ್ಧರಿಸಿದೆ.

ಆಮೇಲೆ ಹೇಳಿದ ಮಾತು ನನಗೆ ಇಂದಿಗೂ ಅಕ್ಷರಶಃ ನೆನಪಿದೆ. ‘ನನಗೆ ಕಾಫಿ ತೋಟ ಗೊತ್ತಿಲ್ಲ. ಆನೆಯನ್ನು ದೇವಸ್ಥಾನದಲ್ಲಿ, ದಸರೆಯಲ್ಲಿ ನೋಡಿದ್ದೇನೆ ಅಷ್ಟೇ. ನಿಮ್ಮ ಮನೆ, ಜಾತಿ, ದೇವರು ಇವುಗಳಲ್ಲಿ ಯಾವುದನ್ನು ಯಾವಾಗ ಹೇಳಬೇಕೆಂಬುದು ನಿಮಗೆ ಬಿಟ್ಟದ್ದು. ನಾನು ತಿಳಿಯದೆ ಊಹೆ ಮಾಡಿದರೆ ತಡೆಯಿರಿ.’ ಮೇಜಿನ ಆ ಬದಿ ಕುಳಿತವರೊಬ್ಬರು ತಮಗೆ ಗೊತ್ತಿಲ್ಲದ್ದನ್ನು ಮೊದಲ ದಿನವೇ ಹೀಗೆ ಹೇಳಿದ್ದನ್ನು ನಾನು ಆಸ್ಪತ್ರೆಯಲ್ಲಾಗಲಿ, ಸರ್ಕಾರಿ ಕಚೇರಿಯಲ್ಲಾಗಲಿ ಕಂಡಿರಲಿಲ್ಲ.

ದಾರದ ಬಗ್ಗೆ ಅವರೂ ಕೇಳಿದರು. ಯಾರು ಕಟ್ಟಿದರು, ಕಟ್ಟುವಾಗ ಏನೆಂದರು, ಕಟ್ಟಿದ ಮೇಲೆ ರಾತ್ರಿಗಳು ಹೇಗಿದ್ದವು? ತಾಯಿ ಕಟ್ಟುವಾಗ ಅವರ ಕೈ ನಡುಗುತ್ತಿದ್ದುದು ನನಗೆ ಆಗ ನೆನಪಾಯಿತು. ನನ್ನ ಭಯ ನನ್ನೊಬ್ಬನದಾಗಿ ಉಳಿದಿಲ್ಲ, ಮನೆಯಲ್ಲಿ ಯಾರೂ ಸರಿಯಾಗಿ ಮಲಗುತ್ತಿಲ್ಲ ಎಂದು ಹೇಳಿದ್ದು ಆ ಪ್ರಶ್ನೆಗೆ ಉತ್ತರವಾಗಿ. ದಾರ ಕೈಯಲ್ಲೇ ಉಳಿಯಿತು. ಅದು ಕೆಲಸ ಮಾಡುತ್ತದೆ ಎಂದೂ ಅವರು ಹೇಳಲಿಲ್ಲ, ಮಾಡುವುದಿಲ್ಲ ಎಂದೂ ಹೇಳಲಿಲ್ಲ. ಹೆಂಡತಿಯನ್ನು ಒಮ್ಮೆ ಕರೆತರಬಹುದೇ ಎಂದು ಕೇಳಿದರು. ಯಾವ ವಿಷಯ ಅವಳೆದುರು ಬರಬಾರದು ಎಂಬುದನ್ನು ಮೊದಲು ನನ್ನಿಂದ ತಿಳಿದುಕೊಂಡರು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ರೋಗಿಗಳ ಮನೆಯವರನ್ನು ಕರೆಸಿ, ಆವರಣದಲ್ಲಿ ಡೇರೆ ಹಾಕಿಸಿ ಜೊತೆಯಲ್ಲಿರಿಸಿಕೊಂಡ ಕಥೆಯನ್ನು ಹೇಳಿದ್ದು ಆಗಲೇ. ನಮ್ಮಲ್ಲಿ ಮನೆಯವರನ್ನು ಹೊರಗಿಟ್ಟು ಗುಣಪಡಿಸುವುದು ಕಷ್ಟ, ಆದರೆ ಎಲ್ಲ ಮನೆಯೂ ಆಸರೆಯಾಗಿರುತ್ತದೆ ಎಂದು ತಿಳಿಯುವುದೂ ತಪ್ಪು ಎಂದರು.

ಎಲ್ಲವೂ ಸಲೀಸಾಗಿ ನಡೆಯಿತು ಎಂದಲ್ಲ. ಉಸಿರಾಟದ ಅಭ್ಯಾಸ ಕಲಿಸುವಾಗ ಕಣ್ಣು ಮುಚ್ಚಿಸಿ, ‘ಹಸಿರು ಕಾಡು, ತಂಪು ಗಾಳಿ, ಹಕ್ಕಿಗಳ ದನಿ ನೆನಪಿಸಿಕೊಳ್ಳಿ’ ಎಂದರು. ಪೇಟೆಯವರಿಗೆ ಅದು ನೆಮ್ಮದಿಯ ಚಿತ್ರ. ನನಗೆ ಮೈಯೆಲ್ಲ ಬೆವರಿ, ಕುರ್ಚಿಯಿಂದ ಎದ್ದು ನಿಂತೆ. ಅವರು ತಕ್ಷಣ ನಿಲ್ಲಿಸಿದರು. ನೀರು ಕೊಟ್ಟು, ‘ಇದು ನನ್ನ ತಪ್ಪು. ಕಾಡು ನಿಮಗೆ ಏನಾಗಿದೆ ಎಂದು ಯೋಚಿಸದೆ ಎಲ್ಲರಿಗೂ ಹೇಳುವುದನ್ನೇ ಹೇಳಿದೆ’ ಎಂದರು. ನೆಪ ಹೇಳಲಿಲ್ಲ, ಕ್ಷಮೆಯ ಮಾತನ್ನು ಎಳೆಯಲೂ ಇಲ್ಲ. ನಿಮ್ಮ ತೋಟದಲ್ಲೇ ನಿಮಗೆ ಭಯವಾಗದ ಜಾಗ ಯಾವುದು ಎಂದು ಕೇಳಿದರು.

ಕಣ, ಎಂದೆ. ಕಾಫಿ ಒಣಗಿಸುವ ಕಣ. ಮಧ್ಯಾಹ್ನ ಮೂರರ ಬಿಸಿಲು, ಸುತ್ತ ಬಯಲು, ಯಾವ ಕಡೆಯಿಂದ ಏನು ಬಂದರೂ ಕಾಣುತ್ತದೆ. ಹೆಂಗಸರು ಮರದ ಹಲಗೆಯಿಂದ ಚೆರ್ರಿ ಹರಗುತ್ತಾ ಸಾಲು ಎಳೆಯುವಾಗ ಬರುವ ಸರಸರ ಸದ್ದು. ಒಣಗಿದ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು, ಆಗ ಒಣಗಿದೆ ಎಂದು ಲೆಕ್ಕ. ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ನನ್ನ ಉಸಿರು ತಾನಾಗಿ ಹದಕ್ಕೆ ಬಂದಿತ್ತು. ಮುಂದೆ ಅಭ್ಯಾಸಕ್ಕೆ ಕೂತಾಗಲೆಲ್ಲ ಕಾಡಿನ ಬದಲು ಕಣವೇ ಬಂತು. ಮನೆಯಲ್ಲಿ ಎಚ್ಚರವಾದ ರಾತ್ರಿಗಳಲ್ಲೂ ಮೇಜಿನ ಮೇಲಿಟ್ಟ ಒಂದು ಹಿಡಿ ಒಣ ಚೆರ್ರಿಯನ್ನು ಕೈಯಲ್ಲಿ ಹಿಡಿದು ಕೂರುತ್ತಿದ್ದೆ.

ಇನ್ನು ಚಿಕಿತ್ಸೆಯ ತಿರುಳಿಗೆ ಬರುತ್ತೇನೆ. ಇಂಥ ಆಘಾತದ ನಂತರದ ಭಯಕ್ಕೆ ಹಂತಹಂತವಾಗಿ ಎದುರುಗೊಳ್ಳುವುದು ಹೆಸರಾಂತ ಕ್ರಮ. ಯಾವುದನ್ನು ತಪ್ಪಿಸಿಕೊಳ್ಳುತ್ತೇವೆಯೋ ಅದರ ಭಯ ಬೆಳೆಯುತ್ತದೆ. ಸ್ವಲ್ಪಸ್ವಲ್ಪವಾಗಿ ಹತ್ತಿರ ಹೋಗಿ, ಏನೂ ಆಗಲಿಲ್ಲ ಎಂದು ಮೈಗೆ ಮನವರಿಕೆಯಾದರೆ ಅದು ಇಳಿಯುತ್ತದೆ. ಪುಸ್ತಕದಲ್ಲಿ ಇದು ಸರಿ. ಅಪಘಾತದ ನಂತರ ಕಾರು ಹತ್ತಲು ಹೆದರುವವರಿಗೆ ಸರಿ. ನಮ್ಮ ತೋಟದಲ್ಲಿ ಆನೆ ನಿಜವಾಗಿಯೂ ಇದೆ. ನಾಳೆಯೂ ಬರುತ್ತದೆ. ಹೆದರಿಕೆ ಪೂರ್ತಿ ಇಳಿದ ರೈಟರ್ ತನ್ನ ಆಳುಗಳಿಗೂ ಅಪಾಯ, ತನಗೂ ಅಪಾಯ. ನಾನು ಇದನ್ನು ಸ್ವಲ್ಪ ಒರಟಾಗಿಯೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿ, ‘ಹಾಗಾದರೆ ಭಯವನ್ನು ತೆಗೆಯುವುದು ನಮ್ಮ ಗುರಿಯಲ್ಲ. ನಿಮ್ಮನ್ನು ಕಾಯುವ ಭಯ ಯಾವುದು, ಅಂದಿನ ಘಟನೆ ಬಿಟ್ಟುಹೋದ ಭಯ ಯಾವುದು ಎಂದು ಬೇರ್ಪಡಿಸುವುದು ಗುರಿ. ಅದನ್ನು ಹೇಗೆ ಬೇರ್ಪಡಿಸುವುದು ಎಂಬುದಕ್ಕೆ ನೀವೇ ನನಗೆ ಹೇಳಿಕೊಡಬೇಕು’ ಎಂದರು.

ಆ ಮೇಲಿನ ಕೆಲವು ಭೇಟಿಗಳು ನನಗೆ ಅತ್ಯಂತ ಪ್ರಿಯವಾದವು. ಆನೆ ಹತ್ತಿರವಿದೆ ಎಂದು ನಮಗೆ ಹೇಗೆ ತಿಳಿಯುತ್ತದೆ ಎಂದು ಒಂದೊಂದಾಗಿ ಹೇಳಿದೆ. ಲದ್ದಿ ಹಬೆಯಾಡುತ್ತಿದೆಯೇ, ಮೇಲ್ಪದರ ಒಣಗಿದೆಯೇ? ಮುರಿದ ಬಾಳೆಯ ದಿಂಡಿನಿಂದ ನೀರು ಜಿನುಗುತ್ತಿದೆಯೇ? ಹಲಸಿನ ಹಣ್ಣಿನ ಕಾಲವೇ? ನಾಯಿ ಬೊಗಳುವುದೇ, ಕುಂಯ್‌ಗುಟ್ಟಿ ಕಾಲಸಂದಿಗೆ ಬರುವುದೇ? ಗಾಳಿಯಲ್ಲಿ ಬರುವ ಆ ವಾಸನೆಯನ್ನು ವಿವರಿಸಲು ಬರುವುದಿಲ್ಲ, ಒಮ್ಮೆ ಮೂಗಿಗೆ ಹತ್ತಿದವರು ಮರೆಯುವುದಿಲ್ಲ. ಅವರು ಇವನ್ನು ಬರೆದುಕೊಂಡು ಒಂದು ಸಾಲು ಮಾಡಿದರು. ಎಚ್ಚರವಾದಾಗ, ಎದೆ ಹೊಡೆದುಕೊಂಡಾಗ ಈ ಗುರುತುಗಳಲ್ಲಿ ಯಾವುದಿದೆ ಎಂದು ನಾನು ನೋಡಬೇಕು. ಒಂದಿದ್ದರೂ ಒಳಗಿರಬೇಕು, ಫೋನ್ ಮಾಡಬೇಕು, ಸಿಳ್ಳೆ ಹಾಕಬೇಕು. ಒಂದೂ ಇಲ್ಲದೆ ಬರೀ ಎದೆ ಹೊಡೆದುಕೊಳ್ಳುತ್ತಿದ್ದರೆ ಅದು ಅಂದಿನ ಬೆಳಗು ಮತ್ತೆ ಬಂದಿದೆ ಎಂದು ತಿಳಿದು, ಉಸಿರು ಹಿಡಿತಕ್ಕೆ ತಂದುಕೊಂಡು ಅಲ್ಲೇ ನಿಲ್ಲಬೇಕು.

ಅದರ ಮೇಲೆ ಹಂತಗಳನ್ನು ಇಬ್ಬರೂ ಕೂಡಿ ಬರೆದೆವು. ಮೊದಲು ಕಣದ ಅಂಚು. ಆಮೇಲೆ ಮಧ್ಯಾಹ್ನದ ಹೊತ್ತು, ಸಂದೇಶ ನೋಡಿಕೊಂಡು, ಜೊತೆಗೆ ಮೇಸ್ತ್ರಿಯನ್ನು ಕರೆದುಕೊಂಡು ತೋಟದ ತಂತಿಬೇಲಿಯವರೆಗೆ. ಆಮೇಲೆ ಮೊದಲ ಬ್ಲಾಕು. ಆ ಬ್ಲಾಕನ್ನು, ನಾನು ಹೆಸರು ಹೇಳಲಾರದೆ ‘ಆ ಕಡೆ’ ಎನ್ನುತ್ತಿದ್ದ ಜಾಗವನ್ನು, ಪಟ್ಟಿಯ ಕೊನೆಯಲ್ಲಿಟ್ಟೆವು. ಬೆಳಿಗ್ಗೆ ಎಂಟಕ್ಕೆ ಮುಂಚೆ ಒಬ್ಬನೇ ಹೋಗುವುದು ಪಟ್ಟಿಯಲ್ಲಿ ಇರಲೇ ಇಲ್ಲ, ಈಗಲೂ ಇಲ್ಲ. ಅದು ಕಾಯಿಲೆಯಲ್ಲ, ಬುದ್ಧಿ. ನಿದ್ದೆಗಾಗಿ ಮನೋವೈದ್ಯರ ಬಳಿ ಕಳುಹಿಸಿದ್ದರು, ಔಷಧ ಕೊಡುವುದು ತಮ್ಮ ಕೆಲಸವಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದ್ದರು. ಮಾತ್ರೆ ಕೆಲವು ತಿಂಗಳಲ್ಲಿ ನಿಂತಿತು.

ನಡುವೆ ಒಂದು ಹಂತದಲ್ಲಿ ನನಗೆ ಸಿಟ್ಟೂ ಬಂದಿತ್ತು. ಶುಲ್ಕ ಕೊಟ್ಟು ಬಂದು ಇವರಿಗೆ ನಾನೇ ಪಾಠ ಮಾಡುತ್ತಿದ್ದೇನಲ್ಲ ಎನಿಸಿತು, ಹೇಳಿಯೂಬಿಟ್ಟೆ. ಮುಂದಿನ ಸಲ ಹೋದಾಗ ಅವರು ತೋಟದ ಕೆಲಸದ ಬಗ್ಗೆ, ರೊಬಸ್ಟಾ ಮತ್ತು ಅರೇಬಿಕಾ ಕೊಯ್ಲಿನ ತಿಂಗಳುಗಳ ಬಗ್ಗೆ, ಆಲೂರು ಸಕಲೇಶಪುರದ ಆನೆ ಸಮಸ್ಯೆಯ ಬಗ್ಗೆ ತಾವಾಗಿಯೇ ಓದಿಕೊಂಡು ಬಂದಿದ್ದರು. ಅಲ್ಲಿಂದ ಮುಂದೆ ನನ್ನನ್ನು ಕೇಳಿದ್ದು ನನ್ನೊಬ್ಬನಿಗೇ ಗೊತ್ತಿರುವ ಸಂಗತಿಗಳನ್ನು ಮಾತ್ರ. ‘ಗೊತ್ತಿಲ್ಲ, ನೀವೇ ಹೇಳಿ’ ಎಂದು ಕೈಕಟ್ಟಿ ಕುಳಿತರೆ ಸಾಲದು. ಆಘಾತಕ್ಕೆ ಚಿಕಿತ್ಸೆ ಮಾಡುವ ವಿದ್ಯೆ ಅವರದ್ದು, ಅದರಲ್ಲಿ ಅವರು ಗಟ್ಟಿಯಾಗಿದ್ದರು. ಆ ಗಟ್ಟಿತನ ಇದ್ದುದರಿಂದಲೇ ಉಳಿದದ್ದನ್ನು ಕೇಳಿ ತಿಳಿಯಲು ಅವರಿಗೆ ಸಂಕೋಚವಾಗಲಿಲ್ಲ ಎಂದು ನನ್ನ ತಿಳಿವಳಿಕೆ.

ಈ ರೀತಿಗೆ ಅವರ ವೃತ್ತಿಯಲ್ಲಿ ಸಾಂಸ್ಕೃತಿಕ ವಿನಯ ಎಂಬ ಹೆಸರಿದೆ ಎಂದು ಒಮ್ಮೆ ಹೇಳಿದರು. 1998ರಲ್ಲಿ ಮೆಲನಿ ಟೆರ್ವಾಲನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ ಎಂಬ ಇಬ್ಬರು ಅಮೆರಿಕದ ವೈದ್ಯೆಯರು ಬರೆದ ಲೇಖನದಿಂದ ಅದು ಪ್ರಚಾರಕ್ಕೆ ಬಂತು. ಅದರಲ್ಲಿ ಬರುವ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಶಸ್ತ್ರಚಿಕಿತ್ಸೆಯಾದ ಲ್ಯಾಟಿನೋ ಸಮುದಾಯದ ಹೆಂಗಸೊಬ್ಬರು ನರಳುತ್ತಿದ್ದಾರೆ. ಅದೇ ಸಮುದಾಯದ ವೈದ್ಯರೊಬ್ಬರು, ಇವರಿಗೆ ತುಂಬಾ ನೋವಿರುವಂತಿದೆ ಎನ್ನುತ್ತಾರೆ. ದಾದಿ ಆ ಮಾತನ್ನು ತಳ್ಳಿಹಾಕುತ್ತಾರೆ: ಬೇರೆ ಬೇರೆ ಸಂಸ್ಕೃತಿಗಳ ರೋಗಿಗಳ ಬಗ್ಗೆ ತಾನು ಕೋರ್ಸ್ ಮಾಡಿದ್ದೇನೆ, ಈ ಜನ ನೋವನ್ನು ಹೆಚ್ಚಾಗಿಯೇ ತೋರಿಸಿಕೊಳ್ಳುತ್ತಾರೆ. ಆಕೆ ಕಲಿತದ್ದೇ ಕಣ್ಣೆದುರಿನ ನೋವನ್ನು ಮರೆಮಾಡಿತು. ನನಗೆ ಆ ‘ನಮ್ಮವರೇ’ ಎಂದವರ ನೆನಪಾಯಿತು. ಪರಕೀಯರ ಬಗ್ಗೆ ಕೋರ್ಸ್ ಮಾಡಿ ತಪ್ಪುವುದೂ ಉಂಟು, ಸ್ವಂತ ಜನರ ಬಗ್ಗೆ ಹುಟ್ಟಿನಿಂದ ತಿಳಿದಿದ್ದೇನೆ ಎಂದು ತಪ್ಪುವುದೂ ಉಂಟು. ಎರಡನೆಯದರ ಬಗ್ಗೆ ನಾವು ಮಾತೇ ಆಡುವುದಿಲ್ಲ.

ಸಣ್ಣ ಊರಿನಲ್ಲಿ ನೀತಿ ಪಾಲಿಸುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದನ್ನೂ ಹತ್ತಿರದಿಂದ ಕಂಡೆ. ತಮ್ಮ ಹಿರಿಯ ಮಾರ್ಗದರ್ಶಕರೊಂದಿಗೆ ನನ್ನ ವಿಷಯ ಚರ್ಚಿಸಲು ಅನುಮತಿ ಕೇಳಿದರು. ಹೆಸರು ಹೇಳದಿದ್ದರೆ ಸಾಕಲ್ಲ ಎಂದೆ. ಸಾಲದು ಎಂದರು, ಘಟನೆ ಪತ್ರಿಕೆಯಲ್ಲಿ ಬಂದಿದೆ, ತೋಟದ ರೈಟರ್ ಎಂದರೆ ಗುರುತು ಸಿಕ್ಕಿತು. ತಾಲ್ಲೂಕು, ಕೆಲಸ, ಕೆಲವು ವಿವರಗಳನ್ನು ಬದಲಿಸಿ ಏನು ಹೇಳುತ್ತಾರೆಂದು ನನಗೆ ಮೊದಲು ಓದಿ ಹೇಳಿದ ಮೇಲೆಯೇ ಚರ್ಚಿಸಿದ್ದು. ಹೊರಗೆ ಎಲ್ಲಾದರೂ ಎದುರಾದರೆ ತಾವಾಗಿ ಮಾತನಾಡಿಸುವುದಿಲ್ಲ, ನಾನು ಮಾತನಾಡಿಸಿದರೆ ಮಾತ್ರ ಉತ್ತರಿಸುತ್ತೇನೆ ಎಂದಿದ್ದರು. ಹಾಗೆಯೇ ಆಯಿತು. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದವರು ನನ್ನನ್ನೂ ನನ್ನ ಜೊತೆಗಿದ್ದ ಷಡ್ಡಕರನ್ನೂ ಕಂಡು, ಸೊಪ್ಪಿನ ಕಟ್ಟಿನ ಕಡೆಗೇ ಕಣ್ಣಿಟ್ಟರು. ನಮ್ಮ ಕಡೆ ಅದು ಅಗೌರವ ಎನಿಸಬಹುದು. ನನಗೆ ಅದಕ್ಕಿಂತ ದೊಡ್ಡ ಗೌರವ ಬೇರೆ ಇರಲಿಲ್ಲ.

ಮೆಣಸಿನ ವಿಷಯವನ್ನೂ ಹೇಳಬೇಕು. ಮಲೆನಾಡಿನವರು ಬರಿಗೈಯಲ್ಲಿ ಯಾರ ಮನೆಗೂ ಹೋಗುವುದಿಲ್ಲ. ಕೊಯ್ಲು ಮುಗಿದಾಗ ಒಂದು ಚೀಲ ಒಳ್ಳೆಮೆಣಸು, ಒಂದಿಷ್ಟು ಕಾಫಿಪುಡಿ ಒಯ್ದೆ. ವೃತ್ತಿಯ ನಿಯಮ ಉಡುಗೊರೆಗೆ ಹಿಂಜರಿಯುತ್ತದೆ, ನಮ್ಮ ಪದ್ಧತಿ ನಿರಾಕರಣೆಗೆ ನೊಂದುಕೊಳ್ಳುತ್ತದೆ. ಅವರು ಎರಡನ್ನೂ ಬಾಯಿಬಿಟ್ಟು ಹೇಳಿ, ನಾನು ಇದನ್ನು ಏಕೆ ತಂದೆ ಎಂದು ಕೇಳಿದರು. ಋಣ ಇಟ್ಟುಕೊಳ್ಳಬಾರದು ಎಂದು, ಎಂದೆ. ‘ಋಣವಿಲ್ಲ, ನೀವು ಶುಲ್ಕ ಕೊಡುತ್ತಿದ್ದೀರಿ’ ಎಂದು ಮೆಣಸನ್ನು ಹಿಂದಿರುಗಿಸಿದರು. ಈಗಿನ ಬೆಲೆಯಲ್ಲಿ ಅದು ಸಣ್ಣ ವಸ್ತುವಲ್ಲ. ಕಾಫಿಪುಡಿಯನ್ನು ಇಟ್ಟುಕೊಂಡರು, ಕಾಯುವವರಿಗೆಲ್ಲ ಮಾಡಿ ಕೊಡಲು ಹೇಳಿದರು. ನನಗೆ ಬೇಸರವಾಗಲಿಲ್ಲ.

ಚಿಕಿತ್ಸೆ ಮುಗಿಯುವ ಹೊತ್ತಿಗೆ ಒಂದು ವಿಷಯ ಉಳಿದಿತ್ತು. ಹೂ ಕೇಳಿಸಿದ ದಿನ ಪೂಜಾರರು, ಸತ್ತವರ ಮನೆಯ ಬಾಗಿಲಿಗೆ ಹೋಗಿ ಬಾ ಎಂದಿದ್ದರು. ನ್ಯಾಯವಾಗಿ ನೋಡಿದರೆ ದೇವರು ಹೇಳದೆಯೂ ಹೋಗಬೇಕಿತ್ತು. ಇಷ್ಟು ವರ್ಷ ಅದೇ ತೋಟದಲ್ಲಿದ್ದು ಲೈನ್ ಮನೆಗಳ ಒಳಗೆ ನಾನು ಕುಳಿತವನಲ್ಲ. ರೈಟರ್ ಹೊರಗೆ ನಿಂತು ಕರೆಯುತ್ತಾನೆ, ಅವರು ಹೊರಬರುತ್ತಾರೆ, ಅದೇ ಪದ್ಧತಿ. ಈ ಮಾತು ಬಂದಾಗ ನನ್ನ ಸೈಕಾಲಜಿಸ್ಟ್ ಉಪದೇಶ ಮಾಡಲಿಲ್ಲ. ಹೋದರೆ ಯಾರಿಗೆ ಹಗುರವಾಗುತ್ತದೆ, ನಿಮಗೋ ತೀರಿಕೊಂಡವರ ಹೆಂಡತಿಯಾದ ಆ ತಾಯಿಗೋ, ಎಂದಷ್ಟೇ ಕೇಳಿದರು. ಬಹಳ ದಿನ ಆ ಪ್ರಶ್ನೆ ನನ್ನೊಂದಿಗಿತ್ತು.

ಹೋದೆ. ಆ ತಾಯಿ ಚಾಪೆ ಹಾಸಿದರು, ಕುಳಿತೆ. ಟೀ ಕೊಟ್ಟರು, ಕುಡಿದೆ. ಅವರ ಮನೆಮಾತು ತಮಿಳು, ನನ್ನೊಂದಿಗೆ ಕನ್ನಡ. ಅವರಿಗೂ ನಿದ್ದೆಯಿಲ್ಲ ಎಂದು ಮಾತಿನ ನಡುವೆ ತಿಳಿಯಿತು. ನನಗೆ ಗುಣ ಕಂಡ ಉತ್ಸಾಹದಲ್ಲಿ ಹಾಸನಕ್ಕೆ ಓಡಿ, ನೀವು ನಮ್ಮ ಲೈನಿಗೆ ಬರಬೇಕು, ಮಾತು ನಾನು ದಾಟಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಕೇಳದವರ ಮನೆಗೆ ತಾವಾಗಿ ನುಗ್ಗುವುದು ಸರಿಯಲ್ಲ, ಅದರಲ್ಲೂ ದಿನಾ ಕೆಲಸ ಹಂಚುವವನು ನಡುವೆ ಕುಳಿತು ಮಾತು ದಾಟಿಸಿದರೆ ಆ ತಾಯಿ ಏನನ್ನು ಹೇಳಿಯಾರು ಎಂದರು. 14416ಕ್ಕೆ ಕರೆ ಮಾಡಿದರೆ ತಮಿಳಿನಲ್ಲೇ ಮಾತನಾಡುವವರು ಸಿಗುತ್ತಾರೆ, ಹಣ ಕೊಡಬೇಕಿಲ್ಲ, ಹೆಸರು ಹೇಳಬೇಕಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ ಅದು. ಅದನ್ನು ತಿಳಿಸಿ, ಆಮೇಲೆ ಅವರಿಗೆ ಏನು ಬೇಕೆಂದು ಕೇಳಿ ಎಂದರು.

ಕೇಳಿದೆ. ಅವರಿಗೆ ಬೇಕಿದ್ದದ್ದು ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಲೈನ್ ಮನೆ ಬಿಡಬೇಕಾಗಿಲ್ಲ ಎಂಬ ಖಾತ್ರಿ, ಮತ್ತು ಗಂಡನ ಭವಿಷ್ಯನಿಧಿಯ ಕಾಗದಗಳು. ಯಾರೂ ಬಿಡಿ ಎಂದಿರಲಿಲ್ಲ, ಆದರೆ ಯಾರೂ ಇರಿ ಎಂದೂ ಹೇಳಿರಲಿಲ್ಲ. ಅವರ ನಿದ್ದೆ ಕದ್ದದ್ದರಲ್ಲಿ ಅದೂ ಇತ್ತು. ಸಾಹುಕಾರರಿಗೆ ಹೇಳಿದೆ, ಅದೇ ವಾರ ಬರೆದುಕೊಟ್ಟರು. ಭವಿಷ್ಯನಿಧಿಯ ಅರ್ಜಿಯನ್ನು ನಾನೇ ತುಂಬಿ ಹಾಸನಕ್ಕೆ ಓಡಾಡಿದೆ, ಹಣ ಅವರ ಖಾತೆಗೆ ಬಂದಿದೆ. ಆ ಐದಂಕಿಯ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಕರೆ ಮಾಡಿದರೋ ಇಲ್ಲವೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ.